ಕೆಟ್ಟ ಗಾಡಿಗಿ ರಸ್ತಿ ಯಾಕ?

ನಗಬೇಕೆಂದು ಯಾರೂ ಗ್ಯಾರೇಜು ತೆರೆಯುವುದಿಲ್ಲ. ಆದರೆ ರಸ್ತೆ ಬದಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕುಳಿತರೆ ಸಾಕು, ನಗೆಪಾಟಲು ತಾನೇ ಗಾಡಿ ತಳ್ಳಿಕೊಂಡು ನಿಮ್ಮ ಬಾಗಿಲಿಗೆ ಬರುತ್ತದೆ.

ರಾಯಚೂರಿನಲ್ಲಿ ಲಾರಿಗಳು ಓಡಾಡುವ ಒಂದು ರಸ್ತೆಯ ಪಕ್ಕ ನಮ್ಮ ಶೆಡ್ಡುಗಳ ಸಾಲು. ಪಂಕ್ಚರ್ ಹಾಕುವವರು, ವೆಲ್ಡಿಂಗ್‌ನವರು, ವೈರಿಂಗ್‌ನವರು, ನನ್ನಂಥ ಇಂಜಿನ್ ಬಿಚ್ಚುವವರು. ಯಾರ ಹತ್ತಿರವೂ ಸರ್ಟಿಫಿಕೇಟು ಇಲ್ಲ. ಬಿಚ್ಚಿ ಕಲಿತೆವು, ಬೈಸಿಕೊಂಡು ಕಲಿತೆವು. ಊರಿನ ಗಾಡಿಗಳೆಲ್ಲ ನಮ್ಮ ಕೈಯಿಂದಲೇ ಓಡಬೇಕು, ಆದರೆ ಊರು ಚೆಂದ ಕಾಣಬೇಕು ಅನ್ನಿಸಿದಾಗ ಮೊದಲು ಕಣ್ಣಿಗೆ ಚುಚ್ಚುವುದೂ ನಾವೇ. ಈ ವರ್ಷ ಪಾಲಿಕೆಯವರು ನಮ್ಮನ್ನು ಎತ್ತಿ ಹಾಕಲು ಹೊರಟರು. ನಾವು ಕೇಳಿದ್ದು ಇಷ್ಟೇ: ಎತ್ತುವ ಮೊದಲು ಇಳಿಸುವ ಜಾಗ ತೋರಿಸಿ. ಇಷ್ಟು ಕೇಳುವುದಕ್ಕೂ ಒಂದು ಸಂಘ ಕಟ್ಟಬೇಕಾಯಿತು. ಗಂಟಲು ಜೋರು ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು.

ಆ ಜಗಳ ನಡೆದ ದಿನಗಳಲ್ಲಿ ಕಂಡದ್ದು, ಕೇಳಿದ್ದು ಇಲ್ಲಿದೆ. ನೀವು ನಗಬಹುದು. ನಾನು ಆಗ ನಕ್ಕಿರಲಿಲ್ಲ.

ನೋಟಿಸು ಬಂದ ದಿನ

ನೋಟಿಸು ತಂದ ನೌಕರ ಸ್ಕೂಟರ್ ತಳ್ಳಿಕೊಂಡು ಬಂದ. ರಾಯಚೂರಿನ ಮಧ್ಯಾಹ್ನ. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಕೊಡದ ನೀರು ಕುಡಿದು, ನಮ್ಮ ನೆರಳಿನಲ್ಲಿ ಕುಳಿತು, ಬೆವರು ಒರೆಸಿಕೊಂಡು, ಚೀಲದಿಂದ ಕಾಗದ ತೆಗೆದ.

"ಇದನ್ನ ನಿಮ್ ಶೆಡ್ಡಿಗಿ ಹಚ್ಚಬೇಕ್ರೀ. ಅಂಟು ಮರೆತು ಬಂದೀನಿ. ಪಂಕ್ಚರ್ ಸೊಲ್ಯೂಷನ್ ಅದ ಏನು?"

ಪಕ್ಕದ ಪಂಕ್ಚರ್ ಅಂಗಡಿಯವನು, ಯಾವುದೋ ಲಸಿಕೆಯ ಪೋಸ್ಟರ್ ಇರಬೇಕೆಂದು, ಸಂತೋಷದಿಂದ ಟ್ಯೂಬ್ ಕೊಟ್ಟ. ಗುರುವಾರದೊಳಗೆ ಎಲ್ಲ ಶೆಡ್ಡು ಖಾಲಿ ಮಾಡತಕ್ಕದ್ದು ಎಂಬ ನೋಟಿಸು ನಮ್ಮದೇ ಸೊಲ್ಯೂಷನ್ನಿನಿಂದ ನಮ್ಮದೇ ತಗಡಿಗೆ ಅಂಟಿತು. ಆ ಸೊಲ್ಯೂಷನ್ ಎಂಥದೆಂದರೆ ಇವತ್ತಿಗೂ ಆ ತಗಡಿನಿಂದ ಕಾಗದ ಕಿತ್ತು ಬಂದಿಲ್ಲ.

ಅಂಟಿಸಿದ ಕೈಯನ್ನು ಒರೆಸಿಕೊಳ್ಳುತ್ತಾ ಅವನು ಸ್ಕೂಟರ್ ತೋರಿಸಿದ. "ಹೆಂಗೂ ಬಂದೀನಿ. ಇದನ್ನೊಂದು ನೋಡ್ರಿ ಯಣ್ಣಾ. ಭಾಳ ದಿನದಿಂದ ತ್ರಾಸ ಕೊಡಾಕತ್ತದ. ಶುಕ್ರವಾರ ಬಂದು ಒಯ್ತೀನಿ."

"ಸಾಹೇಬ್ರ, ಈಗ ಹಚ್ಚಿದ್ರಲ್ಲ, ಅದನ್ನೊಮ್ಮಿ ಓದ್ರಿ," ಅಂದೆ. "ಗುರುವಾರಕ್ಕ ನಾವು ಇಲ್ಲಿ ಇರಬಾರದಂತ ಅದ. ಶುಕ್ರವಾರ ನಿಮ್ಮ ಸ್ಕೂಟರ್ ಯಾರು ಕೊಡಬೇಕು?"

ಅವನು ಎದ್ದು ನಿಂತು ನೋಟಿಸನ್ನು ಮೊದಲಿನಿಂದ ಕೊನೆಯವರೆಗೂ ಓದಿದ. ಪ್ರಾಯಶಃ ಜೀವನದಲ್ಲಿ ಮೊದಲ ಸಲ. ಮುಖ ಸಪ್ಪಗಾಯಿತು. ಇವನಲ್ಲೂ ಒಬ್ಬ ಮನುಷ್ಯ ಇದ್ದಾನೆ, ಎಚ್ಚರಾಗುತ್ತಿದ್ದಾನೆ ಅಂದುಕೊಂಡೆ. ಅವನು ಗಲ್ಲ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ.

"ಹೌದಲ್ರೀ," ಅಂದ. "ಹಂಗಾರ ಬುಧವಾರನ ಕೊಟ್ಟುಬಿಡ್ರಿ."

ಅರ್ಧ ಮುಗಿದ ಕೆಲಸ

ಗುರುವಾರ ಬಂತು, ಹೋಯಿತು. ನಾವು ಖಾಲಿ ಮಾಡಲಿಲ್ಲ. ಸಂಘದಿಂದ ಹೋಗಿ ಗದ್ದಲ ಮಾಡಿ ಸ್ವಲ್ಪ ಸಮಯ ತಂದೆವು. ಆ ಸಮಯದಲ್ಲಿ ಶೆಡ್ಡಿನಲ್ಲಿ ಯಾವ ಗಾಡಿಯನ್ನೂ ಬಿಚ್ಚಿ ಇಡಬಾರದು, ಯಾವಾಗ ಎತ್ತುತ್ತಾರೋ ಏನೋ ಎಂದು ಎಲ್ಲರಿಗೂ ಹೇಳಿದ್ದೆ. ಅಂಥ ಹೊತ್ತಿನಲ್ಲಿ ದೇವದುರ್ಗ ತಾಲ್ಲೂಕಿನ ಮಸರಕಲ್‌ನಿಂದ ಒಬ್ಬ ಬಸ್ಸಿನಲ್ಲಿ ಬಂದು ಇಳಿದ. ಹೆಗಲ ಮೇಲೆ ಗೋಣಿಚೀಲ.

"ಯಣ್ಣಾ, ಬೈಕ್ ಇಂಜಿನ್ ತಂದೀನಿ, ನೋಡು."

"ಎಲ್ಲಿ ಅದ?"

ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದ. ನಟ್ಟು, ಬೋಲ್ಟು, ಗೇರು, ಪಿಸ್ಟನ್ನು, ಸ್ಪ್ರಿಂಗು ಎಲ್ಲ ಸಂತೆಯಲ್ಲಿ ಉಳ್ಳಾಗಡ್ಡಿ ಸುರಿದ ಹಾಗೆ ಉರುಳಿದವು.

"ಯಾರಪ್ಪಾ ಈ ಪುಣ್ಯ ಕಟ್ಟಿಕೊಂಡವರು?"

"ನಾನ. ಫೋನಿನ್ಯಾಗ ನೋಡಿ ಬಿಚ್ಚೀನಿ."

"ಮತ್ತ ಫೋನ್ ನೋಡೇ ಜೋಡಸಬೇಕಿತ್ತಲ್ಲ?"

"ಬಿಚ್ಚೂ ತನಕ ಚಲೋ ತೋರಿಸಿತು. ಜೋಡಸೂ ಹೊತ್ತಿಗಿ ನೆಟ್ ಹೋತು." ನೆಟ್ ಕಂಪನಿಯ ಮೇಲೆ ದಾವೆ ಹೂಡುವವನ ಹಾಗೆ ಹೇಳಿದ. "ಅದಿರಲಿ ಯಣ್ಣಾ. ಬಿಚ್ಚೂ ಕೆಲಸ ಎಲ್ಲಾ ನಾನ ಮುಗಸೀನಿ. ಅರ್ಧ ಕೆಲಸ ಆಗ್ಯದ. ನೀ ಸುಮ್ನ ಜೋಡಸೂದಟ ಮಾಡು."

ಬೈಕು ಬಿಚ್ಚುವುದು ಅರ್ಧ ಕೆಲಸವಾದರೆ ಮಡಕೆ ಒಡೆಯುವುದೂ ಅರ್ಧ ಕುಂಬಾರಿಕೆಯೇ. ಬೈದುಕೊಂಡೇ ಜೋಡಿಸಲು ಕುಳಿತೆ. ಎಲ್ಲ ಮುಗಿದ ಮೇಲೆ ಒಂದು ಸಾಮಾನು ಉಳಿಯಿತು. ಯಾವ ಬೈಕಿನಲ್ಲೂ ನೋಡದ ಸಾಮಾನು. ಸಾಲಿನಲ್ಲಿ ಎಲ್ಲರಿಗೂ ತೋರಿಸಿದೆ. ಯಾರಿಗೂ ಗುರುತು ಹತ್ತಲಿಲ್ಲ. ಕೊನೆಗೆ ನಮ್ಮ ಉಸ್ತಾದರ ಹತ್ತಿರ ಒಯ್ದೆ. ಸಾಲಿಗೆಲ್ಲ ಹಿರಿಯರು, ಸಂಘದ ಅಧ್ಯಕ್ಷರು. ಇಂಜಿನ್ ಕೆಮ್ಮಿದರೆ ರೋಗ ಹೇಳುವವರು. ಅವರು ಅದನ್ನು ತಿರುಗಿಸಿ ನೋಡಿದರು, ಕಣ್ಣಿನ ಹತ್ತಿರ ಹಿಡಿದು ನೋಡಿದರು, ಆಮೇಲೆ ಮೂಗಿಗೆ ಹಿಡಿದರು.

"ಇದಕ್ಕ ಬಳ್ಳೊಳ್ಳಿ ವಾಸನಿ ಬರಾಕತ್ತದಲ್ಲೋ?"

ಮಸರಕಲ್‌ನವನು ಹಾರಿ ಬಿದ್ದ. "ಅಯ್ಯ, ಅದು ನಮ್ ಮಿಕ್ಸೀದು! ಇಲ್ಲಿ ಬಂದದೇನು? ಮನ್ಯಾಗ ಚಟ್ನಿ ಇಲ್ಲಂತ ಆಕಿ ನನ್ನ ಜೀವಾ ತಿನ್ನಾಕತ್ಯಾಳ." ಆಮೇಲೆ ನನ್ನ ಕಡೆ ತಿರುಗಿ, ದೊಡ್ಡ ಉಪಕಾರ ಮಾಡುವವನ ದನಿಯಲ್ಲಿ ಅಂದ: "ನಾಳಿಗಿ ಅದನ್ನೂ ತರ್ಲೇನು ಯಣ್ಣಾ? ಅದೂ ಅರ್ಧ ಕೆಲಸ ಆಗ್ಯದ."

ಮೇ ತಿಂಗಳ ಮಂಜು

ಮಾನ್ವಿಯ ಅಕ್ಕಿ ಗಿರಣಿ ಮಾಲೀಕರೊಬ್ಬರು ನನ್ನ ಹಳೆಯ ಗಿರಾಕಿ. ಅಧಿಕಾರಿಗಳ ಮನೆಗೆ ಅಕ್ಕಿ ಚೀಲ ಕಳಿಸಿ ಪರಿಚಯ ಇಟ್ಟುಕೊಂಡವರು. ನಮ್ಮ ಶೆಡ್ಡಿನ ವಿಷಯವಾಗಿ ಒಂದು ಮಾತು ಹೇಳಿಸೋಣ ಎಂದು ಅವರ ಮುಂದೆ ನಾಲಿಗೆಗೆ ಗ್ರೀಸ್ ಹಚ್ಚಿಕೊಂಡು ನಿಂತಿದ್ದೆ.

"ಅಲ್ರೀ, ನೀವೂ ಸುಮ್ನ ಹಟ ಮಾಡಾಕತ್ತೀರಿ," ಅಂದರು. "ಸರೀರಿ ಅಂದ್ರ ಸರೀಬೇಕು. ಒಂದು ಜಾಗದಿಂದ ಇನ್ನೊಂದು ಜಾಗಕ್ಕ ಸರಿಯೂದು ಏನು ದೊಡ್ಡ ಮಾತು? ಅದಿರ್ಲಿ. ನನ್ ಹೊಸಾ ಕಾರ್ ನೋಡ್ರಿ. ಹಿಂದ ಹೋಗಬೇಕಾದ್ರ ಪರದೆ ಮ್ಯಾಲ ಬರೀ ಮಂಜು ಕಾಣಸ್ತದ."

ಮೇ ತಿಂಗಳು. ರಾಯಚೂರು. ಕಾಗೆಯೂ ನೆರಳಿಗೆ ನಡೆದುಕೊಂಡು ಹೋಗುವ ಬಿಸಿಲು. ಮಂಜಂತೆ.

ಕಾರಿನ ಹಿಂದೆ ಹೋಗಿ ನೋಡಿದೆ. ಹೊಸ ಗಾಡಿಯ ಪೂಜೆಗೆ ಗೂಗಲ್ ಎಂಬ ಊರಿನ ಅಲ್ಲಮಪ್ರಭು ಗುಡಿಗೆ ಒಯ್ದಿದ್ದರು. ಯಾರೋ ಭಕ್ತಿಯಿಂದ ಗಾಡಿಯ ಹಿಂದೆ ಮೂರು ಬೆರಳು ವಿಭೂತಿ ಎಳೆದಿದ್ದರು. ನಡುವಿನ ಬೆರಳು ನೇರವಾಗಿ ಕ್ಯಾಮೆರಾದ ಕಣ್ಣಿನ ಮೇಲೆ ಹೋಗಿತ್ತು.

ಬಟ್ಟೆ ಎತ್ತಿಕೊಂಡೆ. ಮಾಲೀಕರು ಓಡಿ ಬಂದು ಕೈ ಹಿಡಿದರು.

"ಏಯ್! ವಿಭೂತಿಗಿ ಕೈ ಹಚ್ಚಬ್ಯಾಡ್ರಿ!"

"ಇದರಿಂದನ ಕಾಣವಲ್ದು ಯಜಮಾನ್ರ. ಒರೆಸಿದ್ರ ಮುಗೀತು."

"ಒರೆಸೂದು ಬಿಟ್ಟು ಬ್ಯಾರೆ ಏನರ ರಿಪೇರಿ ಮಾಡ್ರಿ."

"ಬ್ಯಾರೆ ಏನೂ ಕೆಟ್ಟಿಲ್ರೀ."

"ಹಂಗಾರ ನೀವು ಎಂಥಾ ಮೆಕ್ಯಾನಿಕ್ಕು?"

ಬಾಯಿ ತೆರೆದವನು ಶೆಡ್ಡು ನೆನಪಾಗಿ ಮುಚ್ಚಿಕೊಂಡೆ. ಹೋಗಲಿ, ಈ ವಿಭೂತಿಯನ್ನೇ ಒಂದಿಷ್ಟು ಪಕ್ಕಕ್ಕೆ ಎಳೆದರೆ ಆದೀತೇ, ಬರೀ ಎರಡು ಬೆರಳಿನಷ್ಟು, ಎಂದು ಕೇಳಿದೆ. ಅವರ ಕಣ್ಣು ಕೆಂಪಾದವು.

"ಎಲ್ಲಿ ಕುಂತದೋ ಅಲ್ಲೇ ಇರಬೇಕು. ದೇವರನ್ನ ಸರಸಾಕ ಬರಂಗಿಲ್ಲ. ಕ್ಯಾಮೆರಾ ಸರಸ್ರಿ."

ಮನವಿ

ಅಕ್ಕಿಯ ದಾರಿ ಮುಚ್ಚಿತು. ಓಟಿನ ದಾರಿ ನೋಡೋಣ ಎಂದು ದೇವದುರ್ಗದ ಕಡೆಯ ಒಬ್ಬ ಮುಖಂಡರ ಮನೆಗೆ ಹೋದೆವು. ಎಲ್ಲರೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಸ್ತಾದರಂತೂ ಮೊಮ್ಮಗಳ ಮದುವೆಗೆ ಹೊಲಿಸಿದ ಅಂಗಿ ಹಾಕಿಕೊಂಡಿದ್ದರು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಉಗುರಿನ ಸಂದಿ ಕೆರೆದು, ನಮ್ಮನ್ನು ನಾವೇ ಗುರುತು ಹಿಡಿಯದ ಹಾಗೆ ತಯಾರಾಗಿದ್ದೆವು.

ಮುಖಂಡರು ಕುರ್ಚಿ ಹಾಕಿಸಿದರು, ಚಹಾ ಕೊಡಿಸಿದರು. ನಾನು ನಮ್ಮ ಕಷ್ಟ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದು ಒಂದೇ ಪ್ರಶ್ನೆ ಕೇಳಿದರು.

"ಅಂದ್ರ ನೀವೆಲ್ಲಾರೂ ಮೆಕ್ಯಾನಿಕ್ರು?"

"ಹೌದ್ರೀ."

"ಎಲ್ಲಾ ಥರದವ್ರೂ ಇದ್ದೀರಿ?"

"ಎಲ್ಲಾ ಥರದವ್ರೂ ಇದ್ದೀವ್ರೀ," ಅಂದೆ ಎದೆ ಉಬ್ಬಿಸಿ. ಸಂಘಟನೆಯ ಬಲ ತೋರಿಸಿದೆ ಅಂದುಕೊಂಡೆ.

ಮುಖಂಡರು ಮನೆಯ ಕಡೆ ತಿರುಗಿ ಕೂಗಿದರು: "ಯಾರದೀರಿ? ಆ ಟ್ರ್ಯಾಕ್ಟರ್ ಹೊರಗ ತರ್ರಿ! ಜೀಪಿಂದೂ ಕೀಲಿ ತರ್ರಿ!" ಆಮೇಲೆ ನಮಗೆ ಹೇಳಿದರು: "ನಿಮ್ ವಿಷಯ ನಾ ನೋಡ್ತೀನಿ. ಅಲ್ಲೀತನಕ ನೀವು ಇದನ್ನೊಂದಿಷ್ಟು ನೋಡ್ರಿ."

ಟ್ರ್ಯಾಕ್ಟರ್ ಆಯಿತು, ಜೀಪು ಆಯಿತು, ಅಳಿಯನ ಬೈಕು ಆಯಿತು. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರಿಗೂ ಸುದ್ದಿ ಮುಟ್ಟಿ, ಒಬ್ಬ ಅಜ್ಜಿ ಹೊಲಿಗೆ ಯಂತ್ರ ಹೊರಿಸಿಕೊಂಡು ಬಂದಳು. "ಯಪ್ಪಾ, ಇದೂ ತಿರಗವಲ್ದು." ಸಂಜೆ ಹೊರಟಾಗ ಬಿಳಿ ಅಂಗಿಗಳೆಲ್ಲ ನಮ್ಮ ಮೂಲ ಬಣ್ಣಕ್ಕೆ ಬಂದಿದ್ದವು. ಮನವಿ ಪತ್ರ ಎಲ್ಲಿ ಎಂದು ನೋಡಿದರೆ, ಯಾರೋ ಅದರಿಂದಲೇ ಎಣ್ಣೆ ಒರೆಸಿಕೊಂಡಿದ್ದರು.

ಮುಖಂಡರು ಬಾಗಿಲವರೆಗೆ ಬಂದು ಕೈ ಮುಗಿದರು. "ನಿಮ್ಮಂಥಾ ಸಂಘಟನಿ ಇರಬೇಕು ನೋಡ್ರಿ. ಹಿಂಗ ತಿಂಗಳಿಗೊಮ್ಮಿ ಮನವಿ ಕೊಡಾಕ ಬರ್ರಿ."

ತೋರಿಸಿದ ಜಾಗ

ಗದ್ದಲ ಜಾಸ್ತಿಯಾದ ಮೇಲೆ ಪಾಲಿಕೆಯ ದೊಡ್ಡ ಸಾಹೇಬರು ಒಂದು ಜಾಗ ತೋರಿಸಲು ಕರೆದುಕೊಂಡು ಹೋದರು. ಊರು ಮುಗಿಯಿತು. ಡಾಂಬರು ಮುಗಿಯಿತು. ಮಣ್ಣಿನ ದಾರಿಯೂ ಮುಗಿಯಿತು. ಜೀಪು ನಿಲ್ಲಿಸಿ, ಜಾಲಿಮುಳ್ಳು ಬಿಡಿಸಿಕೊಳ್ಳುತ್ತಾ ಗುಡ್ಡದ ಹಿಂದಕ್ಕೆ ನಡೆದೆವು. ಅಲ್ಲಿ ಒಂದು ಬಂಡೆ, ಬಂಡೆಯ ಮೇಲೆ ಒಂದು ಮೇಕೆ. ಮೇಕೆ ನಮ್ಮನ್ನು ನೋಡಿ, ಇವರೇಕೆ ಬಂದರು ಎಂಬಂತೆ ಮುಖ ತಿರುಗಿಸಿತು.

"ಇಷ್ಟೂ ನಿಮ್ದ," ಎಂದು ಸಾಹೇಬರು ಎರಡೂ ಕೈ ಚಾಚಿದರು.

"ಸಾಹೇಬ್ರ, ಇಲ್ಲಿಗಿ ರಸ್ತೀನ ಇಲ್ಲಲ್ರೀ. ಗಾಡಿ ಹೆಂಗ ಬರಬೇಕು?"

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಓದಿದವರು. ತರ್ಕಬದ್ಧವಾಗಿ ಮಾತಾಡುವವರು.

"ನಿಮ್ ಹತ್ರ ಬರೂದು ಕೆಟ್ಟ ಗಾಡಿ ಹೌದಲ್ರೀ? ಕೆಟ್ಟ ಗಾಡಿ ಹೆಂಗೂ ಓಡಂಗಿಲ್ಲ. ಅದಕ್ಕ ರಸ್ತಿ ಯಾಕ?"

ಧರಣಿ

ಮೇಕೆಯ ಜಾಗ ಬೇಡವೆಂದೆವು. ಕೋರ್ಟಿಗೆ ಅರ್ಜಿ ಹಾಕಿದೆವು. ಅರ್ಜಿ ವಿಚಾರಣೆಗೆ ಬರುವ ಹಿಂದಿನ ದಿನವೇ ಬುಲ್ಡೋಜರ್ ಬಂತು. ಇಂಥ ವಿಷಯದಲ್ಲಿ ಮಾತ್ರ ನಮ್ಮ ಆಫೀಸುಗಳು ಒಂದು ದಿನ ಮುಂಚೆಯೇ ಕೆಲಸ ಮುಗಿಸುತ್ತವೆ.

ನಮ್ಮ ವಕೀಲರು ಫೋನಿನಲ್ಲಿ ಒಂದೇ ಮಾತು ಹೇಳಿದರು: "ಇವತ್ತೊಂದು ದಿನ ತಡೀರಿ. ಶೆಡ್ಡು ನಿಂತಿದ್ರ ನಾಳಿಗಿ ನಾ ಮಾತಾಡ್ತೀನಿ. ಬಿದ್ದ ಮ್ಯಾಲ ನಾ ಏನು ಮಾತಾಡ್ಲಿ?"

ಸಾಲಿನ ಮುಂದೆ ರಸ್ತೆಯಲ್ಲೇ ತಾಡಪತ್ರಿ ಹಾಸಿ ಎಲ್ಲರೂ ಕುಳಿತೆವು. ಮೈಕು ನನ್ನ ಕೈಯಲ್ಲಿ. ಎದುರಿಗೆ ಬುಲ್ಡೋಜರ್, ಅದರ ಪಕ್ಕ ಸಾಹೇಬರು, ಹಿಂದೆ ಪೊಲೀಸರು. ಬುಲ್ಡೋಜರ್ ಓಡಿಸುವವನು ಮಲ್ಲಟದ ಕಡೆಯ ಮೆತ್ತನೆ ಮನುಷ್ಯ. ನಮ್ಮ ಮುಖ ನೋಡಲಾಗದೆ ಆಕಾಶ ನೋಡಿಕೊಂಡು ಗಾಡಿ ಮುಂದೆ ತಂದ. ಗಾಡಿ ನಾಲ್ಕು ಮಾರು ಬಂತು. ಕೆಮ್ಮಿತು. ಸತ್ತಿತು.

ನಮ್ಮವರು ಶಿಳ್ಳೆ ಹೊಡೆದರು. "ನೋಡ್ರಿ! ನಮ್ ಹೋರಾಟಕ್ಕ ಬುಲ್ಡೋಜರ್ ಸುದ್ದಾ ಬೆಂಬಲ ಕೊಟ್ಟದ!" ಎಂದು ಮೈಕಿನಲ್ಲಿ ಕೂಗಿದೆ.

ಓಡಿಸುವವನು ಕೀಲಿ ತಿರುಗಿಸಿದ. ಕುರ್ರ್ ಕುರ್ರ್ ಅಂತ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ.

"ಮೆಕ್ಯಾನಿಕ್ ಕರೀರಿ," ಅಂದರು ಸಾಹೇಬರು.

ಅವನು ತಲೆ ಕೆರೆದುಕೊಂಡ. "ಈ ಊರಿನ ಮೆಕ್ಯಾನಿಕ್ರು ಎಲ್ಲಾ ಇಲ್ಲೇ ಗಾಡಿ ಮುಂದ ಕುಂತಾರಲ್ರೀ ಸಾಹೇಬ್ರ."

ಸಾಹೇಬರು ಗಾಡಿಯ ಮಾಲೀಕನಿಗೆ ಫೋನು ಮಾಡಿದರು. ಅವನು ಮಾನ್ವಿಯಿಂದ ಮೆಕ್ಯಾನಿಕ್ ಕಳಿಸುತ್ತೇನೆಂದ. ನಮ್ಮ ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. ರಾಯಚೂರಿನ ರಸ್ತೆಯಲ್ಲಿ ನಿಂತ ಗಾಡಿಗೆ ಮಾನ್ವಿಯಿಂದ ಮೆಕ್ಯಾನಿಕ್! ಶೆಡ್ಡು ಒಡೆಯುತ್ತಾರೆ ಅಂದಾಗಲೂ ಕೆಲವರ ಮುಖದಲ್ಲಿ ಅಷ್ಟು ಸಿಟ್ಟು ನೋಡಿರಲಿಲ್ಲ.

ಬಿಸಿಲೇರಿತು. ಪೊಲೀಸರು ನಮ್ಮ ಶೆಡ್ಡಿನ ನೆರಳಿಗೆ ಹೋಗಿ ನಿಂತರು. ಸಾಹೇಬರು ಗಡಿಯಾರ ನೋಡಿಕೊಂಡು, "ಸಂಜೀತನಕ ನೋಡೂಣು. ಚಾಲೂ ಆಗ್ಲಿಲ್ಲಂದ್ರ ನಾಳಿಗಿ," ಅಂದರು. ನನಗೆ ಕುಣಿಯಬೇಕು ಅನ್ನಿಸಿತು. ಸಂಜೆಯವರೆಗೆ ಸುಮ್ಮನೆ ಕೂತರೆ ಸಾಕು, ಗೆದ್ದೆವು.

ಮಾನ್ವಿಯ ಮೆಕ್ಯಾನಿಕ್ ಬಂದ. ಕಪ್ಪು ಕನ್ನಡಕ. ಗಾಡಿಗೆ ಒಂದು ಸುತ್ತು ಹಾಕಿ, ಗಾಡಿಯನ್ನು ಚಾಲೂ ಮಾಡುವ ಸೆಲ್ಫ್ ಮೋಟರನ್ನು ಬಿಚ್ಚಲು ಶುರುಮಾಡಿದ.

ನೋಡಿ, ಸೆಲ್ಫ್ ತಿರುಗುತ್ತಿದೆ. ಕುರ್ರ್ ಅನ್ನುತ್ತಿರುವುದೇ ಅದು. ಇಂಜಿನ್ ಹಿಡಿಯುತ್ತಿಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ, ಪೈಪಿನಲ್ಲಿ ಗಾಳಿ ಸೇರಿದೆ. ಇದು ಪಂಕ್ಚರ್ ಹಾಕುವವನಿಗೂ ಗೊತ್ತು. ಇವನು ಹೊಟ್ಟೆನೋವಿಗೆ ಹಲ್ಲು ಕೀಳುತ್ತಿದ್ದ.

ನಾನು ಮೈಕಿನಲ್ಲಿ "ಬೇಕೇ ಬೇಕು!" ಎಂದು ಕೂಗಿದೆ. "ನ್ಯಾಯ ಬೇಕು" ಎಂದು ಬರಬೇಕಾದ ಜಾಗದಲ್ಲಿ, "ಅಂವ ಸೆಲ್ಫ್ ಯಾಕ ಬಿಚ್ಚಾಕತ್ಯಾನ?" ಎಂದು ಬಂತು.

ಮಾನ್ವಿಯವನು ಸುತ್ತಿಗೆ ಎತ್ತಿಕೊಂಡು ಬಡಿಯತೊಡಗಿದ. ಒಂದೊಂದು ಏಟಿಗೂ ಉಸ್ತಾದರು ತಮಗೇ ಬಿದ್ದಂತೆ ನಡುಗಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

"ಉಸ್ತಾದ್, ಸುಮ್ನ ಕೂಡ್ರಿ," ಎಂದು ಕಿವಿಯಲ್ಲಿ ಹೇಳಿದೆ. "ಕೆಡಸ್ಲಿ ಬಿಡ್ರಿ. ನಮಗ ಚಲೋ."

"ನಮಗ ಚಲೋ ಖರೆ," ಅಂದರು ಟವೆಲ್ಲಿನೊಳಗಿನಿಂದ. "ಗಾಡಿ ಏನು ಪಾಪ ಮಾಡ್ಯದ?"

ಅಷ್ಟರಲ್ಲಿ ಮಾನ್ವಿಯವನು ಕೈ ಝಾಡಿಸಿ, ಸಾಹೇಬರಿಗೆ ತೀರ್ಪು ಕೊಟ್ಟ: "ಇಂಜಿನ್ ಹೋಗ್ಯದ್ರೀ. ಪೂರ್ತಿ ಇಳಿಸಬೇಕು."

ಉಸ್ತಾದರು ಎದ್ದರು. ಮಂಡಿನೋವಿನ ಮನುಷ್ಯ ಹೇಗೆ ಎದ್ದರೋ ದೇವರಿಗೇ ಗೊತ್ತು. "ಲೇ ಮಾನ್ವಿಯವನ! ಸರಿ ಆ ಕಡಿ! ಅದನ್ನ ಮೊದಲಿನಂಗ ಕೂಡಸು!" ಅವರ ಹಿಂದೆ ವೈರಿಂಗ್‌ನವನು ಎದ್ದ. ವೆಲ್ಡಿಂಗ್‌ನವನು ಎದ್ದ. ಪಂಕ್ಚರ್‌ನವನು ಶೆಡ್ಡಿನಿಂದ ಪಾನಾ ತರಲು ಓಡಿದ, ಪೊಲೀಸರೇ ದಾರಿ ಬಿಟ್ಟರು. ತಾಡಪತ್ರಿಯ ಮೇಲೆ ಉಳಿದವನು ನಾನೊಬ್ಬನೇ.

"ಸಂಗಾತಿಗಳೇ, ವಾಪಸ್ ಬರ್ರಿ! ಇದು ಅವರ ಕುತಂತ್ರ! ಕೂಡ್ರಿ!" ಎಂದು ಮೈಕಿನಲ್ಲಿ ಕೂಗಿದೆ. ಯಾರೂ ಕೇಳಲಿಲ್ಲ. ಎಲ್ಲರ ತಲೆಗಳೂ ಇಂಜಿನ್ನಿನೊಳಗಿದ್ದವು. ಕುತ್ತಿಗೆ ಚಾಚಿ ನೋಡಿದೆ. ವೆಲ್ಡಿಂಗ್‌ನವನು, ಇಂಜಿನ್ನಿನ ಗಂಧವಿಲ್ಲದವನು, ಪಾನಾ ಹಿಡಿದು ಒಂದು ನಟ್ಟಿಗೆ ಕೈ ಹಾಕುತ್ತಿದ್ದ.

"ಲೇ! ಆ ನಟ್ ಅಲ್ಲಲೇ! ಅದರ ಹಿಂದಿಂದು!"

ಇದನ್ನೂ ಮೈಕಿನಲ್ಲೇ ಕೂಗಿಬಿಟ್ಟೆ. ಸುತ್ತಲಿನ ಓಣಿಗಳಿಗೆಲ್ಲ ಕೇಳಿಸಿತು. ಮೈಕನ್ನು ತಾಡಪತ್ರಿಯ ಮೇಲೆ ಎಸೆದು ಓಡಿದೆ.

ನಟ್ಟು ಸಡಿಲ ಮಾಡಿ ಕೈಯಿಂದ ಪಂಪು ಒತ್ತಿದೆ. ಬಿಳಿ ನೊರೆ ಬಂತು, ಗುಳ್ಳೆ ಬಂತು, ಆಮೇಲೆ ತಿಳಿಯಾದ ಡೀಸೆಲ್ ಚಿಮ್ಮಿತು. ನಟ್ಟು ಬಿಗಿದೆ. ಅಷ್ಟರಲ್ಲಿ ಉಸ್ತಾದರು ಸೆಲ್ಫ್ ಕೂಡಿಸಿದ್ದರು. "ಹೊಡಿ!" ಎಂದು ಕೂಗಿದೆ. ಓಡಿಸುವವನು ಕೀಲಿ ತಿರುಗಿಸಿದ. ಒಂದು ಉಂಡೆ ಕಪ್ಪು ಹೊಗೆ ಬಿಟ್ಟು ಇಂಜಿನ್ ಹಿಡಿಯಿತು.

ಎಲ್ಲರೂ ಚಪ್ಪಾಳೆ ಹೊಡೆದೆವು. ಪೊಲೀಸರೂ ಹೊಡೆದರು. ಉಸ್ತಾದರು ಕಣ್ಣು ಮುಚ್ಚಿ ಇಂಜಿನ್ನಿನ ದನಿ ಕೇಳುತ್ತಾ, "ನೋಡ್ರಿ, ಹೆಂಗ ಹಾಡಾಕತ್ತದ!" ಅಂದರು. ಮಾನ್ವಿಯವನು ಕನ್ನಡಕ ತೆಗೆದು ನೆಲ ನೋಡಿದ. ನಮಗೆ ಅದಕ್ಕಿಂತ ಹೆಚ್ಚಿನ ಗೆಲುವು ಬೇಕಿರಲಿಲ್ಲ. ಗಾಡಿಯ ಟ್ರಯಲ್ ನೋಡಲು ಜಾಗ ಬೇಕಲ್ಲ ಎಂದು ನಾವೇ ಎಲ್ಲರನ್ನೂ ಪಕ್ಕಕ್ಕೆ ಸರಿಸಿದೆವು, ನಾವೇ ತಾಡಪತ್ರಿ ಎಳೆದು ಮಡಚಿದೆವು.

ಬುಲ್ಡೋಜರಿನ ಬಕೆಟ್ಟು ಮೇಲೆದ್ದಿತು. ಅದು ಯಾವ ಕಡೆ ಮುಖ ಮಾಡಿದೆ ಎಂದು ನೋಡಿದ್ದು ಆಗಲೇ. ಚಪ್ಪಾಳೆ ಹೊಡೆಯುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಸಾಹೇಬರು ಕೈಸನ್ನೆ ಮಾಡಿದರು.

ಗಾಡಿ ಓಡಿಸುವ ಮಲ್ಲಟದವನು ತಕ್ಷಣ ಮುಂದೆ ಬರಲಿಲ್ಲ. ಕುಳಿತಲ್ಲಿಂದಲೇ ಬಾಗಿ ನನಗೆ ಎರಡೂ ಕೈ ಮುಗಿದ. ಅವನ ಕಣ್ಣು ತುಂಬಿದ್ದವು.

"ಯಣ್ಣಾ, ನಿನ್ ಉಪಕಾರ ಮರೆಯಂಗಿಲ್ಲ. ನಿನ್ ಶೆಡ್ಡು ಯಾವ್ದು ಹೇಳು. ಅದನ್ನ ಎಲ್ಲಾರಕ್ಕಿಂತ ಕಡೀಗಿ ಕೆಡವ್ತೀನಿ."